ಬ್ರಿಗೇಡಿಯರ್‌ಗೆ ಮತ್ತೆ ಪಾಠ ಏಕೆ? ಕಲ್ಯಾಣ ಕರ್ನಾಟಕದ ಅನುಭವ ಹೇಳುವುದೇನು

ಬೀದರ್ ವಾಯುನೆಲೆಯಲ್ಲಿ ಹಾಕ್ ವಿಮಾನದ ಮೇಲೆ ತರಬೇತಿ ಪಡೆಯುವ ಯುವ ಪೈಲಟ್‌ಗೆ ತನ್ನ ತಪ್ಪು ಅವತ್ತೇ ಗೊತ್ತಾಗುತ್ತದೆ. ವಿಮಾನ ಇಳಿಸಿ ಬಂದ ಮೇಲೆ ಬೋಧಕ ಎದುರಿಗೆ ಕೂರಿಸಿಕೊಂಡು, ಯಾವ ತಿರುವಿನಲ್ಲಿ ವೇಗ ಹೋಯಿತು, ಎಲ್ಲಿ ಎತ್ತರ ತಪ್ಪಿತು ಎಂದು ಒಂದೊಂದಾಗಿ ಬಿಡಿಸಿ ಹೇಳುತ್ತಾರೆ. ಮುಂದಿನ ಹಾರಾಟದಲ್ಲಿ ತಿದ್ದಿಕೊಳ್ಳಬಹುದು. ಇದೇ ಅಧಿಕಾರಿ ಎರಡೂವರೆ ದಶಕದ ನಂತರ ಏರ್ ಕಮೊಡೋರ್ (ಭೂಸೇನೆಯ ಬ್ರಿಗೇಡಿಯರ್‌ಗೆ ಸಮಾನ ದರ್ಜೆ) ಆಗಿ ದೆಹಲಿಯಲ್ಲಿ ಕೂತು, ಯಾವ ಗಡಿಗೆ ಎಷ್ಟು ಬಲ ಇಡಬೇಕು, ಯಾವ ಖರೀದಿ ಮೊದಲು ಆಗಬೇಕು ಎಂದು ಸರ್ಕಾರಕ್ಕೆ ಸಲಹೆ ಕೊಟ್ಟರೆ, ಅದು ಸರಿಯೋ ತಪ್ಪೋ ಎಂಬುದು ಹತ್ತು ಹದಿನೈದು ವರ್ಷ ಯಾರಿಗೂ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಅವರು ನಿವೃತ್ತರಾಗಿರುತ್ತಾರೆ.

ಹಿರಿಯ ಸೇನಾಧಿಕಾರಿಗಳನ್ನು ಒಂದು ವರ್ಷ ಕರ್ತವ್ಯದಿಂದ ಬಿಡಿಸಿ ಸ್ನಾತಕೋತ್ತರ ಮಟ್ಟದ ಓದಿಗೆ ಕಳಿಸುವುದರ ಅಸಲು ಕಾರಣ ಇದು. ಆ ಹಂತದಲ್ಲಿ ಸ್ವಂತ ಅನುಭವ ಪಾಠ ಕಲಿಸುವುದು ತೀರಾ ತಡವಾಗಿ. ಹಾಗಾಗಿ ಬೇರೆಯವರು ಮಾಡಿದ ತಪ್ಪುಗಳನ್ನು ದಾಖಲೆ ಇಟ್ಟುಕೊಂಡು ಓದಬೇಕು, ತನ್ನ ವಾದವನ್ನು ಬರೆದು ಬೇರೆಯವರ ಮುಂದೆ ಇಡಬೇಕು, ಅವರಿಂದ ಅದನ್ನು ಒಡೆಸಿಕೊಳ್ಳಬೇಕು. ತೆರೆದ ದಾಖಲೆ, ನಿಷ್ಠುರವಾಗಿ ತಿದ್ದುವ ಗುರು, ಬೇರೆ ಬೇರೆ ಇಲಾಖೆಯವರು ಕೂತ ಕೋಣೆ, ಈ ಮೂರೂ ಇದ್ದರೆ ಆ ವರ್ಷ ಸಾರ್ಥಕ. ನಮ್ಮಲ್ಲಿ ಕಾಲೇಜುಗಳಿಗೆ ಕೊರತೆಯಿಲ್ಲ, ಈ ಮೂರಕ್ಕೆ ಇದೆ.

ಈ ಮಾತು ಈಗ ಮುಖ್ಯವಾಗಲು ಥಿಯೇಟರ್ ಕಮಾಂಡ್‌ಗಳ ಯೋಜನೆ, ಅಂದರೆ ಒಂದು ಪ್ರದೇಶದ ಮೂರೂ ಪಡೆಗಳನ್ನು ಒಬ್ಬರೇ ಮುಖ್ಯಸ್ಥರ ಕೈಕೆಳಗೆ ತರುವ ಯೋಜನೆ, ಕಾರಣ. ಭೂಸೇನೆಗೆ 7, ವಾಯುಸೇನೆಗೆ 7, ನೌಕಾಸೇನೆಗೆ 3, ಹೀಗೆ 17 ಪ್ರತ್ಯೇಕ ಕಮಾಂಡ್‌ಗಳಿವೆ. ಇದರ ಹೊರತಾಗಿ ಅಂಡಮಾನ್–ನಿಕೋಬಾರ್ ಕಮಾಂಡ್ ಮತ್ತು ಅಣ್ವಸ್ತ್ರ ಹೊಣೆಯ ಸ್ಟ್ರಾಟೆಜಿಕ್ ಫೋರ್ಸಸ್ ಕಮಾಂಡ್ ಮಾತ್ರ ಮೂರೂ ಪಡೆಗಳಿಗೆ ಸೇರಿದವು. 2019ರ ಡಿಸೆಂಬರ್‌ನಲ್ಲಿ ರಕ್ಷಣಾ ಪಡೆಗಳ ಮುಖ್ಯಸ್ಥರ ಹುದ್ದೆ, ಅಂದರೆ ಸಿಡಿಎಸ್, ಸೃಷ್ಟಿಯಾಯಿತು. 2020ರ ಜನವರಿಯಲ್ಲಿ ಸೇನಾ ವ್ಯವಹಾರಗಳ ಇಲಾಖೆ ಬಂತು. 2023ರ ಕಾಯಿದೆ, ಜಂಟಿ ಸಂಸ್ಥೆಯ ಮುಖ್ಯಸ್ಥರಿಗೆ ತಮ್ಮ ಕೈಕೆಳಗಿನ ಮೂರೂ ಪಡೆಗಳ ಸಿಬ್ಬಂದಿಯ ಮೇಲೆ ಶಿಸ್ತುಕ್ರಮದ ಅಧಿಕಾರ ಕೊಟ್ಟಿತು. ಥಿಯೇಟರ್ ಕಮಾಂಡ್ ಬಂದರೆ ಒಬ್ಬ ಲೆಫ್ಟಿನೆಂಟ್ ಜನರಲ್ ಯುದ್ಧನೌಕೆಗೂ ಫೈಟರ್ ಸ್ಕ್ವಾಡ್ರನ್‌ಗೂ ಆದೇಶ ಕೊಡಬಹುದು. ಆ ನೌಕೆಯಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬ ಅರಿವು ಕಾನೂನಿನಿಂದ ಬರುವುದಿಲ್ಲ.

ಇರುವ ಏಣಿ

ಮೇಜರ್ ಮಟ್ಟದಲ್ಲಿ ತಮಿಳುನಾಡಿನ ವೆಲ್ಲಿಂಗ್ಟನ್‌ನ ಸ್ಟಾಫ್ ಕಾಲೇಜು. ಭೂಸೇನೆಯವರಿಗೆ ಅಲ್ಲಿಗೆ ಪ್ರವೇಶ ಪರೀಕ್ಷೆಯೂ ಉಂಟು. ಕರ್ನಲ್ ಮಟ್ಟದಲ್ಲಿ ಮಧ್ಯಪ್ರದೇಶದ ಮ್ಹೋವ್‌ನ ಆರ್ಮಿ ವಾರ್ ಕಾಲೇಜು, ಗೋವಾದ ನೇವಲ್ ವಾರ್ ಕಾಲೇಜು, ಸಿಕಂದರಾಬಾದ್‌ನ ಕಾಲೇಜ್ ಆಫ್ ಏರ್ ವಾರ್‌ಫೇರ್. ಅದೇ ಸಿಕಂದರಾಬಾದ್‌ನಲ್ಲಿ 1970ರಲ್ಲಿ ಶುರುವಾದ ಕಾಲೇಜ್ ಆಫ್ ಡಿಫೆನ್ಸ್ ಮ್ಯಾನೇಜ್‌ಮೆಂಟ್ ಇದೆ. ಇದರ 44 ವಾರದ ಕೋರ್ಸಿಗೆ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ನಾತಕೋತ್ತರ ಪದವಿ ಕೊಡುತ್ತ ಬಂದಿದೆ. ಅಂದರೆ ದೇಶದ ಎರಡು ಉನ್ನತ ಸೇನಾ ಕಾಲೇಜುಗಳು ಬೀದರ್‌ನಿಂದ ಸುಮಾರು 140 ಕಿ.ಮೀ. ದೂರದಲ್ಲಿವೆ. ನಮ್ಮವರಿಗೆ ಇವು ಬೆಂಗಳೂರಿಗಿಂತ ಎಷ್ಟೋ ಹತ್ತಿರ.

ಏಣಿಯ ತುದಿಯಲ್ಲಿರುವುದು ದೆಹಲಿಯ ನ್ಯಾಷನಲ್ ಡಿಫೆನ್ಸ್ ಕಾಲೇಜು. 1960ರ ಏಪ್ರಿಲ್ 27ರಂದು, ಲಂಡನ್‌ನ ಇಂಪೀರಿಯಲ್ ಡಿಫೆನ್ಸ್ ಕಾಲೇಜಿನ ಮಾದರಿಯಲ್ಲಿ ಆರಂಭವಾಯಿತು. ಬ್ರಿಗೇಡಿಯರ್ ಹಾಗೂ ಸಮಾನ ದರ್ಜೆಯವರು, ಜಂಟಿ ಕಾರ್ಯದರ್ಶಿ ಮಟ್ಟದ ಐಎಎಸ್, ಐಪಿಎಸ್, ಐಎಫ್‌ಎಸ್ ಅಧಿಕಾರಿಗಳು, ಮಿತ್ರದೇಶಗಳ ಸೇನಾಧಿಕಾರಿಗಳು 47 ವಾರ ಒಟ್ಟಿಗೆ ಓದುತ್ತಾರೆ. ನೂರು ಸೀಟುಗಳಿದ್ದದ್ದನ್ನು 2021ರಲ್ಲಿ 110, 2022ರಲ್ಲಿ 120 ಮಾಡುವುದಾಗಿ ಸರ್ಕಾರ ಪ್ರಕಟಿಸಿತ್ತು. ಭಾರತೀಯ ಸಮಾಜ ಮತ್ತು ರಾಜಕೀಯದಿಂದ ಶುರುವಾಗಿ ಆರ್ಥಿಕತೆ–ವಿಜ್ಞಾನ, ಅಂತರರಾಷ್ಟ್ರೀಯ ಭದ್ರತೆ, ಜಾಗತಿಕ ಸಮಸ್ಯೆಗಳು, ನೆರೆಹೊರೆ ದಾಟಿ ರಾಷ್ಟ್ರೀಯ ಭದ್ರತೆಯ ತಂತ್ರ–ವ್ಯವಸ್ಥೆಗೆ ಬಂದು ಪಾಠ ಮುಗಿಯುತ್ತದೆ. ನಡುವೆ ಗಡಿ ಪ್ರದೇಶಗಳಿಗೆ, ದೇಶದ ಒಳಗೆ, ವಿದೇಶಕ್ಕೆ ಅಧ್ಯಯನ ಪ್ರವಾಸಗಳಿರುತ್ತವೆ.

ಪಠ್ಯಕ್ರಮದಲ್ಲಿ ತಪ್ಪು ಹುಡುಕುವುದು ಕಷ್ಟ. ಸಮಾಜದಿಂದ ಶುರುಮಾಡಿದ್ದು ತುಂಬಾ ಸರಿಯಾದ ಆಯ್ಕೆ. ಮೂವತ್ತು ವರ್ಷ ಕಂಟೋನ್ಮೆಂಟಿನ ಒಳಗೇ ಕಳೆದವರಿಗೆ ಮೀಸಲಾತಿ, ಭೂಮಿ, ವಲಸೆ, ಬರ ಎಂಬುವು ಕೂಡ ಭದ್ರತೆಯ ಪ್ರಶ್ನೆಗಳೇ ಎಂದು ಮನದಟ್ಟಾಗಲು ಹೊತ್ತು ಬೇಕು. ತೊಡಕಿರುವುದು ಪಾಠ ನಡೆಯುವ ರೀತಿಯಲ್ಲಿ. ಬೋಧಕರೆಂದರೆ ಮೂರೂ ಪಡೆಗಳಿಂದ, ನಾಗರಿಕ ಸೇವೆಯಿಂದ, ವಿದೇಶಾಂಗ ಸೇವೆಯಿಂದ ಬಂದ ಕೆಲವೇ ಹಿರಿಯ ಅಧಿಕಾರಿಗಳು. ಅವರಿಗೂ ಅದು ಒಂದು ಪೋಸ್ಟಿಂಗ್. ಕೋರ್ಸಿನ ಒಳಹೊರಗು ತಿಳಿಯುವಷ್ಟರಲ್ಲಿ ವರ್ಗಾವಣೆ ಬರುತ್ತದೆ. ಉಪನ್ಯಾಸಗಳಲ್ಲಿ ಬಹುಪಾಲು ಅತಿಥಿಗಳದು. ಮಂತ್ರಿ, ರಾಯಭಾರಿ, ಕಾರ್ಯದರ್ಶಿ ಬಂದು ಮಾತಾಡುತ್ತಾರೆ, ಪ್ರಶ್ನೋತ್ತರ ಆಗುತ್ತದೆ, ಹೋಗುತ್ತಾರೆ. ಆ ಮಾತನ್ನು ಕೇಳಿದ ಅಧಿಕಾರಿ ಅದರ ಬಗ್ಗೆ ಏನು ಬರೆದ ಎಂದು ಅವರು ಮತ್ತೆ ಬಂದು ನೋಡುವುದಿಲ್ಲ. ಕೇಳಿದ್ದು ಜ್ಞಾನವಾಗಬೇಕಾದರೆ ಯಾರಾದರೂ ಕೂತು ತಿದ್ದಬೇಕು.

ಹುಮನಾಬಾದ್ ರಸ್ತೆಯ ಪಾಠ

ಈ ಹಂತದ ಓದು ಎಂಥ ಪ್ರಶ್ನೆಗಳನ್ನು ಎತ್ತಬೇಕು ಎಂಬುದಕ್ಕೆ ನಮ್ಮ ಜಿಲ್ಲೆಗಳ ಮೇಲೆ ಹಾದುಹೋದ, ನಿಜಾಮರ ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಕಾರ್ಯಾಚರಣೆಯನ್ನೇ ನೋಡಬಹುದು. 1948ರ ಸೆಪ್ಟೆಂಬರ್ 13ರ ಬೆಳಗಿನ ಜಾವ ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ಮುಖ್ಯ ದಳ ಸೋಲಾಪುರದಿಂದ ಹೊರಟಿತು. ನಳದುರ್ಗ, ಉಮರ್ಗಾ, ರಾಜೇಶ್ವರ, ಹುಮನಾಬಾದ್, ಜಹೀರಾಬಾದ್ ದಾರಿ ಹಿಡಿದು ಹೈದರಾಬಾದ್ ಕಡೆ ನಡೆಯಿತು. ಇವತ್ತು ಟ್ರಕ್‌ಗಳು ಓಡಾಡುವ ರಾಷ್ಟ್ರೀಯ ಹೆದ್ದಾರಿ 65 ಹೆಚ್ಚುಕಡಿಮೆ ಅದೇ ದಾರಿ. ಪೂರ್ವದಲ್ಲಿ ವಿಜಯವಾಡ ಕಡೆಯಿಂದ ಮತ್ತೊಂದು ದಳ ಬಂತು, ಬೇರೆ ದಿಕ್ಕುಗಳಿಂದ ಸಣ್ಣ ದಳಗಳು. ವಾಯುಸೇನೆಯ ಟೆಂಪೆಸ್ಟ್ ವಿಮಾನಗಳು ಮುಂದಿನ ಅಡ್ಡಿಗಳ ಮೇಲೆ ದಾಳಿ ಮಾಡಿದವು. 17ರಂದು ನಿಜಾಮರು ಕದನವಿರಾಮ ಸಾರಿದರು. 18ರಂದು ಹೈದರಾಬಾದ್ ಸೇನೆಯ ಮುಖ್ಯಸ್ಥ ಮೇಜರ್ ಜನರಲ್ ಎಲ್ ಇದ್ರೂಸ್ ಶರಣಾದರು.

ಮೇಜರ್‌ಗೆ ಈ ಕಥೆಯಲ್ಲಿ ಕಲಿಯಲು ದಂಡಿಯಾಗಿ ಇದೆ: ದಳದ ವೇಗ, ಸೇತುವೆ ಕೆಡದಂತೆ ಹಿಡಿಯುವುದು, ನೆಲ ಮತ್ತು ಆಕಾಶದ ಹೊಂದಾಣಿಕೆ. ಬ್ರಿಗೇಡಿಯರ್ ಓದಬೇಕಾದದ್ದು ಆ ಐದು ದಿನಗಳ ಆಚೆಗಿನ ದಿನಗಳನ್ನು.

ಹಿಂದಕ್ಕೆ ಹೋದರೆ, ಭಾರತ ಮತ್ತು ಹೈದರಾಬಾದ್ ನಡುವಿನ 1947ರ ನವೆಂಬರ್ 29ರ ಯಥಾಸ್ಥಿತಿ ಒಪ್ಪಂದ ಒಂದು ವರ್ಷದ ಅವಧಿಯದು. ಅದು ಮುಗಿಯುವವರೆಗೆ ಕಾಯಬೇಕೇ? 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ನಿಜಾಮರ ಪರದ ಖಾಸಗಿ ಪಡೆಯಾದ ರಜಾಕಾರರು ಹತ್ಯಾಕಾಂಡ ನಡೆಸಿದ್ದರು. ಕಾಯುವ ಬೆಲೆಯನ್ನು ಯಾರು ತೆತ್ತರು? ಹೈದರಾಬಾದ್ ಸರ್ಕಾರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಗೆ ದೂರು ಕೊಟ್ಟಿತ್ತು. ಭದ್ರತಾ ಮಂಡಳಿ ಅದನ್ನು ಕೈಗೆತ್ತಿಕೊಂಡಿದ್ದು ಸೆಪ್ಟೆಂಬರ್ 16ರಂದು, ದಳಗಳು ಅರ್ಧಕ್ಕಿಂತ ಹೆಚ್ಚು ದಾರಿ ಸವೆಸಿದ ಮೇಲೆ. ಕಾರ್ಯಾಚರಣೆಯ ವೇಗಕ್ಕೂ ನ್ಯೂಯಾರ್ಕ್–ಪ್ಯಾರಿಸ್‌ನ ರಾಜತಾಂತ್ರಿಕ ಗಡಿಯಾರಕ್ಕೂ ಇದ್ದ ನಂಟು ಅದು. ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಲೇ ಇತ್ತು; ದಕ್ಷಿಣಕ್ಕೆ ಬಲ ಕಳಿಸಿದರೆ ಉತ್ತರಕ್ಕೆ ಉಳಿಯುವುದು ಎಷ್ಟು? ಆಗಿನ ಸೇನಾ ಮುಖ್ಯಸ್ಥ ಬ್ರಿಟಿಷ್ ಜನರಲ್ ರಾಯ್ ಬುಚರ್‌ಗೆ ಈ ಕಾರ್ಯಾಚರಣೆಯ ಬಗ್ಗೆ ಹಿಂಜರಿಕೆಯಿತ್ತು. ಮುಖ್ಯಸ್ಥನೇ ಒಪ್ಪದಿದ್ದಾಗ ಚುನಾಯಿತ ಸರ್ಕಾರ ಏನು ಮಾಡಬೇಕು, ಅಧಿಕಾರಿ ತನ್ನ ಭಿನ್ನಮತವನ್ನು ಎಲ್ಲಿಯವರೆಗೆ ಒಯ್ಯಬೇಕು?

ಮುಂದಕ್ಕೆ ಬಂದರೆ ಇನ್ನೂ ಕಠಿಣ. ಕದನ ಐದು ದಿನಕ್ಕೆ ಮುಗಿಯಿತು. ಸೇನಾ ಆಡಳಿತ 1949ರ ಕೊನೆಯವರೆಗೆ ಇತ್ತು. ಪೊಲೀಸ್ ಠಾಣೆ, ತಹಸೀಲು, ನ್ಯಾಯಾಲಯ ಎಲ್ಲವೂ ಒಮ್ಮೆಗೇ ಅಲುಗಾಡಿದ ಆ ವಾರಗಳಲ್ಲಿ ಹಳ್ಳಿಗಳಲ್ಲಿ ಮುಸ್ಲಿಂ ಕುಟುಂಬಗಳ ಮೇಲೆ ಸೇಡಿನ ದಾಳಿಗಳು ನಡೆದವು. ಕೇಂದ್ರ ಕಳಿಸಿದ ಸುಂದರಲಾಲ್ ಸಮಿತಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಹೆಸರಿಸಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ. ಗೋರಟಾದ ಸಾವುಗಳನ್ನೂ ಈ ಸಾವುಗಳನ್ನೂ ಒಂದೇ ಮೇಜಿನ ಮೇಲೆ ಇಟ್ಟು ಓದುವ ಧೈರ್ಯ ಹಿರಿಯ ಅಧಿಕಾರಿಗಳ ತರಗತಿಗೆ ಇರಲೇಬೇಕು. ದಳ ಮುಂದೆ ಹೋದ ಮೇಲೆ ಹಿಂದುಳಿದ ಊರಿನ ಹೊಣೆ ಯಾರದು? ಶರಣಾದ ಪೊಲೀಸರನ್ನು ಅಂದೇ ಮತ್ತೆ ಠಾಣೆಗೆ ಕಳಿಸಬೇಕೇ ಬೇಡವೇ? ಜಿಲ್ಲಾ ಆಡಳಿತಕ್ಕೆ ಅಧಿಕಾರಿಗಳನ್ನು ಮೊದಲೇ ಆರಿಸಿ, ದಳದ ಬೆನ್ನಿಗೇ ಕಳಿಸಲು ಎಷ್ಟು ಜನ ಬೇಕಿತ್ತು? ಇರಾಕ್‌ನಲ್ಲಿ 2003ರ ನಂತರ ಅಮೆರಿಕ ಎದುರಿಸಿದ್ದೂ ಇದೇ ಬಗೆಯ ಪ್ರಶ್ನೆ.

ಇದನ್ನು ಉಪನ್ಯಾಸ ಮಾಡಿ ಮುಗಿಸಿದರೆ ಏನೂ ಆಗದು. ಹದಿನೈದು ಜನರ ಒಂದು ಗುಂಪಿಗೆ ನಾಲ್ಕು ದಿನ ಕೊಡಬೇಕು. ಮೊದಲ ದಿನ ಬರೀ ಮೂಲ ದಾಖಲೆ: ಒಪ್ಪಂದದ ಪಠ್ಯ, ವಿಶ್ವಸಂಸ್ಥೆಯ ನಡಾವಳಿ, ದಕ್ಷಿಣ ಕಮಾಂಡಿನ ಯೋಜನೆ. ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗ 1972ರಲ್ಲೇ ಈ ಕಾರ್ಯಾಚರಣೆಯ ಅಧಿಕೃತ ಇತಿಹಾಸ ಪ್ರಕಟಿಸಿದೆ, ಅದನ್ನು ಸುಂದರಲಾಲ್ ವರದಿಯ ಪಕ್ಕದಲ್ಲಿಟ್ಟು ಓದಬೇಕು. ಎರಡನೇ ದಿನ ಪಾತ್ರ ಹಂಚಿಕೆ, ಅದೂ ತಿರುವುಮುರುವಾಗಿ: ಬ್ರಿಗೇಡಿಯರ್ ಗುಲಬರ್ಗಾದ ಕಲೆಕ್ಟರ್ ಆಗಲಿ, ಐಪಿಎಸ್ ಅಧಿಕಾರಿ ದಳದ ಕಮಾಂಡರ್ ಆಗಲಿ, ಬಾಂಗ್ಲಾದೇಶದ ಕರ್ನಲ್ ಭದ್ರತಾ ಮಂಡಳಿಯಲ್ಲಿ ಕೂರಲಿ. ಸೆಪ್ಟೆಂಬರ್ 12ರ ಸಂಜೆಗೆ ಗಡಿಯಾರ ನಿಲ್ಲಿಸಿ, ಆಗ ಗೊತ್ತಿದ್ದ ಮಾಹಿತಿ ಮಾತ್ರ ಕೊಟ್ಟು ನಿರ್ಧಾರ ಕೇಳಬೇಕು. ಮೂರನೇ ದಿನ ಪ್ರತಿಯೊಬ್ಬರೂ ಮಂತ್ರಿಗೆ ಎರಡು ಪುಟದ ಟಿಪ್ಪಣಿ ಬರೆಯಬೇಕು. ನಾಲ್ಕನೇ ದಿನ ಆ ಟಿಪ್ಪಣಿಗಳನ್ನು ಎಲ್ಲರ ಮುಂದೆ ಸಾಲುಸಾಲಾಗಿ ಬಿಡಿಸಬೇಕು. ಇಂಥ ಅಭ್ಯಾಸ ಹಾಳಾಗುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಗುಂಪಿನ ಹಿರಿಯರು ಮಾತಾಡಿದ ಮೇಲೆ ಉಳಿದವರು ಹೂಂಗುಟ್ಟುವುದು. ಅದಕ್ಕೆ ಕಿರಿಯರಿಂದ ಮಾತು ಶುರುಮಾಡಿಸಬೇಕು. ಇನ್ನೊಂದು, ಮುಂದೇನಾಯಿತು ಎಂದು ಗೊತ್ತಿರುವುದರಿಂದ ಎಲ್ಲರೂ ಜಾಣರಾಗಿಬಿಡುವುದು. ಅದಕ್ಕೆ ತಪ್ಪಿದ ಸಾಧ್ಯತೆಯೊಂದನ್ನು ಒಳಗೆ ತರಬೇಕು, ಉದಾಹರಣೆಗೆ ನಿಜಾಮರು 17ರಂದು ಕದನವಿರಾಮ ಸಾರಲೇ ಇಲ್ಲ ಎಂದು.

ಕಮಾಂಡ್‌ಗಳ ಮರುವಿಂಗಡಣೆಗೂ ಬೀದರ್‌ನಲ್ಲೇ ಒಂದು ಹಳೆಯ ಉದಾಹರಣೆ ಇದೆ. ಬಹಮನಿ ಪ್ರಧಾನಿ ಮಹಮೂದ್ ಗವಾನ್ ನಾಲ್ಕು ತರಫ್‌ಗಳನ್ನು, ಅಂದರೆ ಪ್ರಾಂತ್ಯಗಳನ್ನು, ಎಂಟು ಮಾಡಿ, ಪ್ರತಿ ತರಫ್‌ದಾರನ ಕೈಯಲ್ಲಿ ಒಂದೇ ಕೋಟೆ ಬಿಟ್ಟು ಉಳಿದವನ್ನು ಸುಲ್ತಾನನ ನೇರ ಹಿಡಿತಕ್ಕೆ ತಂದ. ಆಡಳಿತವಾಗಿ ಅದು ಸರಿಯಾದ ಸುಧಾರಣೆ. ಅಧಿಕಾರ ಕಳೆದುಕೊಂಡ ಸರದಾರರನ್ನು ಒಲಿಸಿಕೊಳ್ಳುವ ದಾರಿ ಅವನಲ್ಲಿರಲಿಲ್ಲ. ನಕಲಿ ಪತ್ರದ ಸಂಚಿಗೆ 1481ರಲ್ಲಿ ಅವನ ತಲೆ ಹೋಯಿತು, ಕೆಲವು ದಶಕಗಳಲ್ಲಿ ರಾಜ್ಯವೂ ಐದಾಯಿತು. ಥಿಯೇಟರ್ ಯೋಜನೆಯಲ್ಲಿ ವಾಯುಸೇನೆಯ ಆತಂಕಗಳನ್ನು, ಅಂದರೆ ಇರುವ ಕೆಲವೇ ಸ್ಕ್ವಾಡ್ರನ್‌ಗಳನ್ನು ಹಂಚಿಬಿಟ್ಟರೆ ಬೇಕಾದಲ್ಲಿಗೆ ಒಟ್ಟುಗೂಡಿಸುವುದು ಹೇಗೆ ಎಂಬುದನ್ನು, ಹಟವೆಂದು ತಳ್ಳಿಹಾಕದೆ ಮೇಜಿನ ಮೇಲಿಟ್ಟು ಬಗೆಹರಿಸಬೇಕು. ಅದಕ್ಕೆ ತಕ್ಕ ಜಾಗ ಇಂಥ ತರಗತಿಯೇ.

ಪ್ರಬಂಧ ಎಲ್ಲಿ ಸೊರಗುತ್ತದೆ

ಕೋರ್ಸಿನ ಕೊನೆಗೆ ಅಧಿಕಾರಿ ಒಂದು ಪ್ರಬಂಧ ಬರೆಯಬೇಕು. ಇಡೀ ವರ್ಷದ ಗಟ್ಟಿತನ ಅಲ್ಲೇ ಗೊತ್ತಾಗುವುದು. ಮೊದಲ ದೋಷ ವಿಷಯದ ವಿಸ್ತಾರ. ‘ಭಾರತದ ಆಂತರಿಕ ಭದ್ರತೆ: ಸವಾಲುಗಳು ಮತ್ತು ಪರಿಹಾರ’ ಎಂದು ಹೊರಟರೆ ಕೈಗೆ ಬರುವುದು ಪತ್ರಿಕೆ ಓದುವವರಿಗೆಲ್ಲ ಗೊತ್ತಿರುವ ಸಂಗತಿ. ‘1948ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಬೀದರ್ ಜಿಲ್ಲೆಯಲ್ಲಿ ಪೊಲೀಸ್ ಠಾಣೆಗಳ ಮರುಸ್ಥಾಪನೆ’ ಎಂದರೆ ಕಾಲ, ಸ್ಥಳ, ಸಂಸ್ಥೆ ಮೂರೂ ಗೊತ್ತು. ಉತ್ತರ ಸರಿಯೋ ತಪ್ಪೋ ಎಂದು ಪರೀಕ್ಷಿಸಬಹುದು. ಎರಡನೇ ದೋಷ, ಶಿಫಾರಸು ಮೊದಲೇ ನಿರ್ಧರಿಸಿ ಅದಕ್ಕೆ ಪುರಾವೆ ಹುಡುಕುವುದು. ವೃತ್ತಿಯುದ್ದಕ್ಕೂ ‘ನಿಮ್ಮ ಅಭಿಪ್ರಾಯ ಒಂದು ಪುಟದಲ್ಲಿ ಹೇಳಿ’ ಎಂದೇ ಅಭ್ಯಾಸವಾದವರಿಗೆ ಇದು ಬಿಡುವುದು ಸುಲಭವಲ್ಲ. ತನ್ನ ವಾದಕ್ಕೆ ವಿರುದ್ಧವಾದ ಅತಿ ಬಲವಾದ ಪುರಾವೆಗೆ ಒಂದು ಅಧ್ಯಾಯ ಕಡ್ಡಾಯ ಮಾಡಿದರೆ ಅರ್ಧ ರೋಗ ವಾಸಿ.

ಮೂರನೆಯದು ಅಧಿಕಾರಿಯ ತಪ್ಪಲ್ಲ. ತಾನು ಕಣ್ಣಾರೆ ಕಂಡ ಕಾರ್ಯಾಚರಣೆಯ ದಾಖಲೆ ಗೋಪ್ಯ, ಉಲ್ಲೇಖಿಸುವಂತಿಲ್ಲ. 1962ರ ಸೋಲಿನ ಕುರಿತ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿಯನ್ನು ಸರ್ಕಾರ ಇನ್ನೂ ಬಿಡುಗಡೆ ಮಾಡಿಲ್ಲ. ಅದು ಸಿದ್ಧವಾದದ್ದು 1963ರಲ್ಲಿ. ಸೈನ್ಯ ನಡೆಸುವವರಿಗೆ ಅದಕ್ಕಿಂತ ಉಪಯುಕ್ತ ಪಠ್ಯ ಬೇರೊಂದಿಲ್ಲ. ಯುದ್ಧ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಕ್ಕೆ ಬಹಿರಂಗ ಮಾಡಬೇಕು ಎಂಬ ನೀತಿಯನ್ನು ರಕ್ಷಣಾ ಸಚಿವಾಲಯ 2021ರಲ್ಲಿ ಪ್ರಕಟಿಸಿದೆ. ಅದು ಪೂರ್ತಿ ಜಾರಿಯಾದರೆ ಕಾರ್ಗಿಲ್ ದಾಖಲೆಗಳ ಸರದಿ ಈಗಾಗಲೇ ಬಂದಿದೆ. ಅಲ್ಲಿಯತನಕ ಎರಡು ಪ್ರತಿಗಳ ಪದ್ಧತಿ ಒಳ್ಳೆಯದು: ಕಾಲೇಜಿನ ಒಳಗೆ ಇಡುವ ಗೋಪ್ಯ ಪ್ರತಿಯೊಂದು, ವಿಶ್ವವಿದ್ಯಾಲಯ ಪರೀಕ್ಷಿಸಿ ಎಲ್ಲರಿಗೂ ಒದಗಿಸುವ ತೆರೆದ ಪ್ರತಿಯೊಂದು.

ಪದವಿಯ ಗೊಂದಲವೂ ಇದೆ. ನ್ಯಾಷನಲ್ ಡಿಫೆನ್ಸ್ ಕಾಲೇಜಿನ ಪ್ರಬಂಧಕ್ಕೆ ಮದ್ರಾಸ್ ವಿಶ್ವವಿದ್ಯಾಲಯದ ಎಂ.ಫಿಲ್. ಸಿಗುವ ಏರ್ಪಾಡಿತ್ತು. ಯುಜಿಸಿ 2022ರ ನವೆಂಬರ್‌ನ ನಿಯಮಗಳಲ್ಲಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿತು. ಇಂಥ ಬದಲಾವಣೆಗಳಿಗೆ ಹೊರಗಿನ ವಿಶ್ವವಿದ್ಯಾಲಯಗಳ ಮುಖ ನೋಡುವ ಬದಲು ಸೇನೆಗೆ ತನ್ನದೇ ವಿಶ್ವವಿದ್ಯಾಲಯ ಬೇಕೆಂಬುದು ಹಳೆಯ ಬೇಡಿಕೆ. ಕಾರ್ಗಿಲ್ ನಂತರ ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯ ಸಮಿತಿ ಅದನ್ನು ಶಿಫಾರಸು ಮಾಡಿತು. 2013ರ ಮೇ 23ರಂದು ಹರಿಯಾಣದ ಬಿನೋಲಾದಲ್ಲಿ ಸುಮಾರು 200 ಎಕರೆ ಜಾಗದಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಅಡಿಗಲ್ಲು ಇಟ್ಟರು. ವಿದ್ಯಾರ್ಥಿಗಳಲ್ಲಿ ಮೂರನೇ ಎರಡು ಭಾಗ ಸೇನೆಯವರು, ಉಳಿದವರು ಪೊಲೀಸ್, ಇತರ ಇಲಾಖೆ, ನಾಗರಿಕರು; ಬೋಧಕರಲ್ಲಿ ಸೇನೆ ಮತ್ತು ನಾಗರಿಕರು ಸಮಸಮ ಎಂಬುದು ಯೋಜನೆ. ಕರಡು ಮಸೂದೆ ಬಂತು, ಕಾಯಿದೆಯಾಗಲಿಲ್ಲ. ಇತ್ತ ಪಾಕಿಸ್ತಾನ 2007ರಲ್ಲಿ, ಚೀನಾ 1985ರಲ್ಲೇ ತಮ್ಮ ರಾಷ್ಟ್ರೀಯ ರಕ್ಷಣಾ ವಿಶ್ವವಿದ್ಯಾಲಯಗಳನ್ನು ಕಟ್ಟಿಕೊಂಡವು.

ವಿಶ್ವವಿದ್ಯಾಲಯ ಬೇಕು, ಆದರೆ ಅದು ಬಂದ ಮಾತ್ರಕ್ಕೆ ಓದು ಗಟ್ಟಿಯಾಗದು. ಅಮೆರಿಕದಲ್ಲಿ 1986ರ ಗೋಲ್ಡ್‌ವಾಟರ್–ನಿಕೋಲ್ಸ್ ಕಾಯಿದೆ ಜಂಟಿ ಸೇವೆ ಮತ್ತು ಜಂಟಿ ಶಿಕ್ಷಣವನ್ನು ಜನರಲ್ ದರ್ಜೆಯ ಬಡ್ತಿಗೆ ಕಟ್ಟಿಹಾಕಿತು. 1989ರಲ್ಲಿ ಸಂಸದ ಐಕ್ ಸ್ಕೆಲ್ಟನ್ ನೇತೃತ್ವದ ಸಮಿತಿ ಕಾಲೇಜುಗಳನ್ನು ಒಂದೊಂದಾಗಿ ಜರಡಿ ಹಿಡಿಯಿತು: ಮೂರು ನಾಲ್ಕು ವಿದ್ಯಾರ್ಥಿಗಳಿಗೆ ಒಬ್ಬ ಬೋಧಕ ಬೇಕು, ಪ್ರಬಂಧ ರೂಪದ ಪರೀಕ್ಷೆ ಬೇಕು, ತರಗತಿಯಲ್ಲಿ ಬೇರೆ ಪಡೆಗಳವರು ಇಂತಿಷ್ಟು ಇರಲೇಬೇಕು ಎಂದಿತು. ಇಷ್ಟೆಲ್ಲ ಇದ್ದೂ, 2018ರ ಅಮೆರಿಕದ ರಕ್ಷಣಾ ನೀತಿಯ ದಾಖಲೆಯೇ ಸೇನಾ ಶಿಕ್ಷಣ ಜಡ್ಡುಗಟ್ಟಿದೆ, ಕಡ್ಡಾಯ ಕ್ರೆಡಿಟ್ ಮುಗಿಸುವ ಕೆಲಸವಾಗಿದೆ ಎಂದು ಬರೆದುಕೊಂಡಿತು. ಬಡ್ತಿಗೆ ಕೋರ್ಸು ಕಡ್ಡಾಯ ಮಾಡಿದರೆ ಎಲ್ಲರೂ ಬರುತ್ತಾರೆ. ಬಂದವರು ಹೇಗೆ ಬರೆದರು, ಹೇಗೆ ವಾದಿಸಿದರು ಎಂಬ ಅಂಕ ಮುಂದಿನ ಹುದ್ದೆಯನ್ನು ನಿರ್ಧರಿಸಿದರೆ ಮಾತ್ರ ಓದುತ್ತಾರೆ. ನಮ್ಮಲ್ಲಿ ಬದಲಾಗಬೇಕಾದ ಒಂದೇ ಸಂಗತಿ ಆರಿಸಿ ಎಂದರೆ, ಇದನ್ನೇ ಆರಿಸಬೇಕು.

ನಾಗರಿಕ ಅಧಿಕಾರಿಗಳ ಪಾಲೂ ಸಣ್ಣದಲ್ಲ. ಬೀದರ್‌ನಲ್ಲಿ 2020ರಲ್ಲಿ ನಾಗರಿಕ ವಿಮಾನಗಳೂ ವಾಯುನೆಲೆಯ ರನ್‌ವೇಯನ್ನೇ ಬಳಸತೊಡಗಿದವು. ಸುತ್ತಲ ಕಟ್ಟಡದ ಎತ್ತರ, ಹಕ್ಕಿಗಳನ್ನು ಸೆಳೆಯುವ ಕಸದ ರಾಶಿ, ಜಮೀನಿನ ವ್ಯಾಜ್ಯ ಎಲ್ಲವೂ ನಗರಾಡಳಿತ, ಜಿಲ್ಲಾಧಿಕಾರಿ, ವಾಯುನೆಲೆಯ ಮುಖ್ಯಸ್ಥ ಮೂವರ ಮೇಜಿಗೆ ಬರುವ ಕಡತಗಳು. ಈ ಮೂವರೂ ಒಬ್ಬರ ಕೆಲಸದ ಭಾಷೆ ಇನ್ನೊಬ್ಬರಿಗೆ ತಿಳಿಯದೆ ಪತ್ರ ಬರೆಯುತ್ತ ಕೂತರೆ ಕಡತ ವರ್ಷಗಟ್ಟಲೆ ಓಡಾಡುತ್ತದೆ. ಜಂಟಿ ಕಾರ್ಯದರ್ಶಿಯಾಗುವವರೆಗೆ ಕಾಯದೆ, ಜಿಲ್ಲಾ ಮಟ್ಟದಲ್ಲೇ ಒಂದು ವಾರದ ಜಂಟಿ ಅಧ್ಯಯನ ಸಾಧ್ಯ. 2024ರ ಸೆಪ್ಟೆಂಬರ್‌ನಲ್ಲಿ ಮೂರೂ ಪಡೆಗಳ ಮೇಜರ್‌ನಿಂದ ಮೇಜರ್ ಜನರಲ್‌ವರೆಗಿನವರನ್ನು ದರ್ಜೆ ನೋಡದೆ ಒಟ್ಟಿಗೆ ಕೂರಿಸಿ ಭವಿಷ್ಯದ ಯುದ್ಧದ ಕುರಿತು ಕಿರು ಕೋರ್ಸ್ ನಡೆಸಲಾಯಿತು. ಅದೇ ಮಾದರಿ ಇಲ್ಲಿಗೂ ಹೊಂದುತ್ತದೆ.

ಕಲಬುರಗಿಯ ವಿಶ್ವವಿದ್ಯಾಲಯಗಳು, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯವಿರಲಿ 1980ರಿಂದ ಇರುವ ಗುಲಬರ್ಗಾ ವಿಶ್ವವಿದ್ಯಾಲಯವಿರಲಿ, ಇದರಲ್ಲಿ ಬೇರೆಯವರಿಗೆ ಆಗದ ಕೆಲಸ ಮಾಡಬಲ್ಲವು. 1948ರ ಕಡತಗಳು ಉರ್ದು, ಮರಾಠಿ, ತೆಲುಗು, ಕನ್ನಡ, ಇಂಗ್ಲಿಷ್‌ಗಳಲ್ಲಿ ಚೆದುರಿವೆ, ಅವುಗಳ ದೊಡ್ಡ ಪಾಲು ಹೈದರಾಬಾದ್‌ನ ತೆಲಂಗಾಣ ಪತ್ರಾಗಾರದಲ್ಲಿದೆ. ಈ ಭಾಷೆಗಳಲ್ಲಿ ಎರಡು ಮೂರನ್ನಾದರೂ ಓದಬಲ್ಲ ಹುಡುಗ ಹುಡುಗಿಯರು ಆಳಂದ, ಬಸವಕಲ್ಯಾಣ, ಶಹಾಪುರದಲ್ಲಿ ಸಿಗುವಷ್ಟು ದೆಹಲಿಯಲ್ಲಿ ಸಿಗುವುದಿಲ್ಲ. ಇತಿಹಾಸ ಅಥವಾ ರಾಜ್ಯಶಾಸ್ತ್ರ ಎಂ.ಎ.ಗೆ ಸೇನಾ ಇತಿಹಾಸ ಮತ್ತು ನಾಗರಿಕ–ಸೇನಾ ಸಂಬಂಧದ ಒಂದು ಐಚ್ಛಿಕ ಪತ್ರಿಕೆ ಸೇರಿಸಲು ಹೊಸ ವಿಭಾಗ ಬೇಕಾಗಿಲ್ಲ. ಮೊದಲ ವರ್ಷ ಸೋಲಾಪುರ–ಹುಮನಾಬಾದ್ ದಾರಿಯ ಹತ್ತು ಊರುಗಳ ದಾಖಲೆ ಪಟ್ಟಿ ಮಾಡುವುದು, ಎರಡನೇ ವರ್ಷ ಅದನ್ನು ಅನುವಾದಿಸಿ ದಿನಾಂಕವಾರು ಜೋಡಿಸುವುದು, ಮೂರನೇ ವರ್ಷ ಸಿಕಂದರಾಬಾದ್‌ನ ಎರಡೂ ಕಾಲೇಜುಗಳಿಗೆ ಅದನ್ನು ಅಭ್ಯಾಸದ ಕಡತವಾಗಿ ಒಪ್ಪಿಸುವುದು. ಡಿಫೆನ್ಸ್ ಅಂಡ್ ಸ್ಟ್ರಾಟೆಜಿಕ್ ಸ್ಟಡೀಸ್ ನೆಟ್ ಪರೀಕ್ಷೆಯ ವಿಷಯವೂ ಹೌದು. ಹಾಗಾಗಿ ಈ ಕೆಲಸ ಮಾಡಿದ ವಿದ್ಯಾರ್ಥಿಗೆ ಅಧ್ಯಾಪಕ ವೃತ್ತಿಯ ದಾರಿಯೂ ಇದೆ, ಸೇನಾ ಕಾಲೇಜುಗಳಿಗೆ ಬೇಕಾಗಿರುವ ನಾಗರಿಕ ಬೋಧಕರೂ ಅಲ್ಲಿಂದಲೇ ಬರಬೇಕು.